ಆರನೇ ಮನೆ

ಮಾರ್ಚ್ ೧೪, ಗುರುವಾರ. ಎನ್ಕಾರ್ನಸಿಯೋನ್.

ಇವತ್ತು ನಮ್ಮ ಬೀದಿಗೆ ಸಮೀಕ್ಷೆಯ ಹುಡುಗಿ ಬಂದಿದ್ದಳು. ಏಳು ಮನೆಗೊಂದು ಮನೆ, ಅದೇ ಹಳೇ ಪದ್ಧತಿ. ನನ್ನದು ಆರನೆಯದು. ಮಾವಿನ ಮರದಡಿ ಸೊಪ್ಪು ನೆನೆಸಿದ ತಣ್ಣನೆಯ ತೆರೆರೇ ಪಾನೀಯ ಹೀರುತ್ತಾ ಕೂತಿದ್ದವಳು ಕರೆದೆ: "ನನ್ನನ್ನೂ ಕೇಳೇ ಮಗಳೇ."

"ನಿಮ್ಮನೆ ಬರಲ್ಲ ಅಜ್ಜಿ, ಏಳನೇದು ಮಾತ್ರ," ಅಂತ ನಕ್ಕು ಹೋದಳು.

ಸರಿಯಾಗೇ ಮಾಡಿದಳು. ಮೂವತ್ತು ವರ್ಷ ನಾನೂ ಹಾಗೇ ಬಾಗಿಲು ಎಣಿಸಿದವಳು. ಆಗ ನದಿದಂಡೆಯ ಬೀದಿಯಲ್ಲಿ ಎದುವಿಹಿಸ್ ಅನ್ನೋ ಮುದುಕಿ ಪ್ರತಿ ಸಲವೂ ಕುರ್ಚಿ ಹಾಕಿ ಕಾಯುತ್ತಿದ್ದಳು.

"ಈ ಸಲವಾದ್ರೂ ನನ್ನ ಮನೆ ಬಂತೇನೇ?"

"ಇಲ್ಲಮ್ಮ, ಪಕ್ಕದ್ದು."

"ಪಕ್ಕದವಳಿಗೇನು ಗೊತ್ತು, ಮಣ್ಣು!" ಅಂತ ಬೈದು, ನನಗೂ ಒಂದು ಗುಟುಕು ತೆರೆರೇ ಕೊಡುತ್ತಿದ್ದಳು. ಕುಡಿದು ಎದ್ದು ಹೋಗುತ್ತಿದ್ದೆ.

ಫಾರಂ ಮಡಚಿಟ್ಟು, ಸುಮ್ಮನೆ "ಹೇಗಿದ್ದೀಯಮ್ಮ" ಅಂತ ಕೇಳೋದಕ್ಕೆ ನನಗೆ ಯಾವ ನಿಯಮ ಅಡ್ಡ ಬಂದಿತ್ತು?