ನಗುತ್ತಿದ್ದ ಆನೆ

ರೀ,

ರಾತ್ರಿ ಅಡುಗೆಮನೆಯಲ್ಲಿ ಟಪ್ ಎಂದು ಸದ್ದಾಯಿತಲ್ಲ, ಅದು ಬೆಕ್ಕಲ್ಲ, ನಾನು. ಪುಟ್ಟಿ ಮಾಡಿದ ಸೊಟ್ಟ ಮಣ್ಣಿನ ಆನೆಯನ್ನು ಕಂಡು ಶಾಲೆಯಲ್ಲಿ ನಗುತ್ತಾರೆಂದು ಹೆದರಿ, ನೆಟ್ಟಗೆ ನಿಲ್ಲಿಸಲು ಹೋಗಿ ಕಾಲು ಮುರಿದೆ. ಆಮೇಲೆ ನಾನೇ ಹೊಸದೊಂದು ಮಾಡಿ ಪೆಟ್ಟಿಗೆಯಲ್ಲಿಟ್ಟೆ.

ಬೆಳಿಗ್ಗೆ ತೆರೆದು ನೋಡಿ, "ನನ್ನ ಆನೆ ನಗ್ತಿತ್ತು, ಇದು ನಗಲ್ಲ" ಅಂದಳು. ಅದೇ ಆನೆ ಎಂದು ಸಾಧಿಸಿದೆ. ಸುಳ್ಳು ಹೇಳಬೇಡ ಎಂದು ಅವಳನ್ನು ದಿನಾ ಗದರುವವಳೂ ನಾನೇ.

ಹಳೆಯ ಆನೆ ಅಕ್ಕಿ ಡಬ್ಬಿಯ ಹಿಂದಿದೆ. ಕಾಲು ಅಂಟಿಸಿಡಿ, ಸೊಟ್ಟಗೇ ಇರಲಿ. ನಾಲ್ಕಕ್ಕೆ ವ್ಯಾನಿನಿಂದ ನೀವೇ ಇಳಿಸಿಕೊಳ್ಳಿ. ಅವಳ ಮುಖ ನೋಡಲು ನನಗೆ ನಾಚಿಕೆ. ಅವಳನ್ನು ಏನೂ ಕೇಳಬೇಡಿ.

ವ್ಯಾನು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿಹೋಗಿದ್ದಾಳೆ: "ಹೆದರ್ಕೋಬೇಡಮ್ಮ, ನೀನು ಮಾಡಿದ್ದು ಅಂತ ನಾನು ಯಾರಿಗೂ ಹೇಳಲ್ಲ."