ಮೇಲಿನ ಹುಲ್ಲುಗಾವಲಿನ ಗೇಟು

ಸ್ಟೋನಿ ಕೂಂಬ್, ಲೂಯಿಸ್ ಹತ್ತಿರ
ಜುಲೈ 9, ಭಾನುವಾರ

ಮುನಿಸಿಕೊಂಡು ಮನೆ ಬಿಟ್ಟ ನನ್ನ ಮೊಮ್ಮಗಳು ಬ್ರಯನಿಗೆ,

ನಿನ್ನ ಅಜ್ಜಿ ಬರೆಯುತ್ತಿರುವುದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಮಾತಿನಲ್ಲಿ ಗೆದ್ದುಬಿಡುತ್ತೇನೆ. ಈ ಸಲ ಗೆಲ್ಲುವುದು ಬೇಡ ಅಂತಲೇ ಕಾಗದ ಹಿಡಿದು ಕೂತಿದ್ದೇನೆ. ಹಳ್ಳಿ ಶಾಲೆ ಬಿಟ್ಟ ಮೇಲೆ ಕುರಿಗಳ ಬೆನ್ನಿನ ಮೇಲೆ ಬಣ್ಣದಲ್ಲಿ ನಂಬರು ಬರೆದದ್ದೇ ನನ್ನ ಬರವಣಿಗೆ. ತಪ್ಪು ಕಂಡರೆ ನಗು, ಆದರೆ ಕೊನೆಯವರೆಗೆ ಓದು.

ಮೇಲಿನ ಹುಲ್ಲುಗಾವಲಿನ ಗೇಟು ಮುಚ್ಚಿದವನು ನಿನ್ನ ಸೈಕಲ್ ಗುಂಪಿನ ಡೆಕ್ಲನ್ ಅಲ್ಲ. ನಾನು.

ಬರೆದಾಯಿತು. ಇಷ್ಟು ಬರೆಯುವುದಕ್ಕೆ ಎರಡು ಸಲ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ.

ಆ ವಾರದ ಬಿಸಿಲು ನಿನಗೂ ಗೊತ್ತು. ನಮ್ಮ ಸುಣ್ಣಕಲ್ಲಿನ ಗುಡ್ಡದ ಮೇಲೆ ನೀರೆಂಬುದು ನಿಲ್ಲುವುದಿಲ್ಲ, ಜರಡಿಗೆ ಸುರಿದ ಹಾಗೆ ಇಳಿದುಹೋಗುತ್ತದೆ. ತೊಟ್ಟಿ ಇರುವುದು ಕೆಳಗಿನ ಹುಲ್ಲುಗಾವಲಿನಲ್ಲಿ. ಕುರಿಗಳು ಬೇಕೆಂದಾಗ ಇಳಿದು ಕುಡಿಯಲಿ ಅಂತ ನಿನ್ನಪ್ಪ ನಡುವಿನ ಗೇಟನ್ನು ಹಗ್ಗ ಕಟ್ಟಿ ತೆರೆದಿಟ್ಟು, ತಾನು ಆಚೆ ಕಣಿವೆಯ ಹುಲ್ಲು ಕೊಯ್ಲಿಗೆ ಹೋದ. ನಿಮ್ಮ ಸೈಕಲ್ ಹಾದಿ ಹಾಯುವುದೂ ಅದೇ ಗೇಟಿನಲ್ಲೇ. ಗೇಟು ಹೇಗೆ ಕಂಡಿತೋ ಹಾಗೇ ಬಿಟ್ಟು ಹೋಗಿ ಅಂತ ನೀನೇ ಹಲಗೆಯ ಮೇಲೆ ಬರೆದು ನೆಟ್ಟಿದ್ದೆ.

ಆ ಭಾನುವಾರ ನಾನು ಮನೆಯಲ್ಲೇ ಇದ್ದೆ ಅಂತ ಎಲ್ಲರಿಗೂ ಹೇಳಿದ್ದೇನೆ. ಇರಲಿಲ್ಲ. ಮಂಡಿನೋವಿಗೆ ಗುಡ್ಡ ಹತ್ತಬೇಡ ಅಂತ ನಿನ್ನಪ್ಪ ನಾಲ್ಕು ಚಕ್ರದ ಗಾಡಿಯ ಕೀಲಿ ಬಚ್ಚಿಟ್ಟಿದ್ದ. ಅವನು ಏನನ್ನಾದರೂ ಬಚ್ಚಿಡುವ ಜಾಗ ಚಿಕ್ಕಂದಿನಿಂದ ಒಂದೇ. ಕೀಲಿ ತೆಗೆದುಕೊಂಡು ಮೇಲೆ ಹೋಗಿ ಮುಳ್ಳುಪೊದೆಯ ಹಿಂದೆ ಕೂತಿದ್ದೆ, ನೀನು ಸೈಕಲ್ಲಿನಲ್ಲಿ ಇಳಿಯುವುದನ್ನು ನೋಡಲು.

ಹೌದು, ನೋಡಲು. ನಿನ್ನೆದುರಿಗೆ 'ಕುರಿ ಮೇಯೋ ಗುಡ್ಡಾನ ಜಾರುಬಂಡೆ ಮಾಡ್ಕೊಂಡಿದೀರಿ' ಅಂತ ಗೊಣಗುತ್ತಿದ್ದವಳು ಕದ್ದು ಹೋಗಿ ನೋಡುತ್ತಿದ್ದೆ, ಅದೊಂದೇ ಸಲವಲ್ಲ. ಆ ಬಿಳೀ ಹಾದಿಯ ತಿರುವಿನಲ್ಲಿ ನೀನು ಒಂದು ಕಾಲು ಚಾಚಿ ವಾಲುತ್ತೀಯಲ್ಲ, ನಿನ್ನ ಹಿಂದೆ ಪುಡಿ ಎದ್ದು ಕಡಲಿನ ಗಾಳಿಗೆ ಪಕ್ಕಕ್ಕೆ ಹಾರುತ್ತದಲ್ಲ, ಅದನ್ನು ನೋಡುವಾಗ ನನ್ನ ಮಂಡಿ ನೋಯುವುದಿಲ್ಲ. ಇದನ್ನು ಮೊದಲೇ ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ನೀನು ಇಳಿದೆ, ನಿನ್ನ ಗುಂಪಿನ ಹೆಂಗಸರು ಇಳಿದರು, ಕೊನೆಗೆ ಡೆಕ್ಲನ್ ಇಳಿದ. ಗೇಟಿನ ಹತ್ತಿರ ನಿಂತು ಹಗ್ಗ ಬಿಗಿಯಾಗಿದೆಯಾ ಅಂತ ಮುಟ್ಟಿ ನೋಡಿದ. ಅಷ್ಟೇ. ನಾಯಿ ಕರೆದುಕೊಂಡು ಬಂದಿದ್ದ ನಮ್ಮೂರಿನ ಡೋರಿನ್ ಟಪ್ಪೆನ್ ಕೆಳಗಿನಿಂದ ಕಂಡು ಊರಿಗೆಲ್ಲ ಹೇಳಿದ್ದು ಅದನ್ನೇ, ಅವನು ಗೇಟು ಮುಟ್ಟಿದ್ದನ್ನು. ನೀವೆಲ್ಲ ಹೋದ ಮೇಲೆ ನಾನು ಗಾಡಿ ಇಳಿಸಿಕೊಂಡು ಬಂದೆ. ಗೇಟು ದಾಟಿದೆ, ಇಳಿದೆ, ಹಗ್ಗ ಬಿಚ್ಚಿದೆ, ಗೇಟು ಎಳೆದು ಸರಪಳಿ ಹಾಕಿದೆ, ಮನೆಗೆ ಬಂದೆ. ತಲೆ ಎಲ್ಲಿತ್ತೋ, ಕೈ ತನ್ನ ಕೆಲಸ ಮಾಡಿತು. ನಡೆಯಲು ಕಲಿತಾಗಿನಿಂದ ಗೇಟು ದಾಟಿದರೆ ಮುಚ್ಚು ಅಂತ ಬೆನ್ನಿಗೆ ಹೊಡೆಸಿಕೊಂಡು ಬೆಳೆದವಳ ಕೈ ಅದು.

ಮಂಗಳವಾರ ನಿನ್ನಪ್ಪ ಮೇಲೆ ಹೋದಾಗ ಕುರಿಗಳು ಗೇಟಿಗೆ ಮೂತಿ ಒತ್ತಿಕೊಂಡು ಬಿದ್ದಿದ್ದವು. ಮೂರು ಸತ್ತವು. ಒಲೆಯ ಪಕ್ಕದಲ್ಲಿಟ್ಟುಕೊಂಡು ಬಾಟಲಿ ಹಾಲು ಕುಡಿಸಿ ನಾವಿಬ್ಬರೂ ಬೆಳೆಸಿದ್ದು ಅವುಗಳಲ್ಲಿ ಒಂದು.

ಶುಕ್ರವಾರ ಊರಿನ ಸಭೆಯಲ್ಲಿ ನಾನು ಏನೇನಂದೆ ಅನ್ನುವುದು ನಿನಗೆ ಮರೆತಿರಲಿಕ್ಕಿಲ್ಲ. ನಾನೂ ಮರೆತಿಲ್ಲ. ಡೆಕ್ಲನ್ ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು, 'ತೆರೆದಿತ್ತು ಮಿಸೆಸ್ ಪೆಲ್ಲಿಂಗ್, ತೆರೆದೇ ಬಿಟ್ಟು ಬಂದೆ' ಅಂದ. ಅದಕ್ಕೆ ನಾನು, 'ಬ್ರೈಟನ್‌ನಲ್ಲಿ ಬಸ್ಸು ಓಡಿಸೋನು ಕಣಪ್ಪ ನೀನು, ಬಾಗಿಲು ಕಂಡ್ರೆ ಮುಚ್ಚೋದೇ ನಿನ್ನ ಕಸುಬು' ಅಂದೆ. ಇಡೀ ಸಭೆ ನಕ್ಕಿತು. ನಾನೂ ಸ್ವಲ್ಪ ಕಾದು ಇನ್ನೊಂದು ಸಲ ನಗಿಸಿದೆ. ಅವನು ಸುಳ್ಳು ಹೇಳುವವನಲ್ಲ ಅಜ್ಜಿ ಅಂತ ನೀನು ಎದ್ದು ನಿಂತೆ. ಅಷ್ಟು ನಂಬಿಕೆ ಇದ್ದರೆ ಅವನ ಹಿಂದೆಯೇ ಹೋಗು ಅಂದೆ. ನೀನು ಹೋದೆ. ಮಾರನೆಯ ದಿನ ನಾನು ಹಾದಿಗೆ ಮುಳ್ಳುತಂತಿ ಬಿಗಿಸಿದೆ. ಭೂಮಿ ನನ್ನ ಹೆಸರಿನಲ್ಲಿದೆಯಲ್ಲ.

ಅವನು ಎಂಥವನು ಅನ್ನುವುದು ನನಗೆ ತಿಳಿದಿರಲಿಲ್ಲ ಅಂತ ಹೇಳಲಾರೆ. ಆ ಹಾದಿಯ ಪಕ್ಕದಲ್ಲಿ ನೀರು ಹರಿದುಹೋಗಲು ಕಾಲುವೆ ತೋಡಿದವನು ಅವನು. ಒಮ್ಮೆ ಮಳೆಯಾದ ಮರುದಿನ ಅಷ್ಟು ದೂರದಿಂದ ಬಂದವನು, ಹಾದಿ ಇನ್ನೂ ಹಸಿ ಇದೆ, ಚಕ್ರ ಹಾಯಿಸಿದರೆ ಗೀರು ಬೀಳುತ್ತದೆ ಅಂತ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹುಲ್ಲಿನಲ್ಲಿ ನಡೆದುಕೊಂಡು ಹಿಂದಿರುಗಿದ. ಅಡುಗೆಮನೆ ಕಿಟಕಿಯಿಂದ ನಾನೇ ನೋಡಿದ್ದೆ.

ಸಭೆ ಮುಗಿದ ಮೇಲೆ ಒಂದು ಸಂಜೆ ಕೋಳಿಗೂಡು ಮುಚ್ಚುವಾಗ ನನ್ನ ಕೈ ಅಗಳಿ ಹಾಕಿದ್ದು ಕಣ್ಣಿಗೆ ಬಿತ್ತು, ಆಗಲೇ ಗೇಟಿನದೂ ನೆನಪಾಯಿತು. ಹೇಳಿಬಿಡೋಣ ಅಂದುಕೊಂಡೆ. ನಾಳೆ ಅಂದೆ. ನಾಳೆ ಬಂದಾಗ ಮತ್ತೆ ನಾಳೆ ಅಂದೆ.

ಮೊನ್ನೆ ಗುರುವಾರ ಡಾಕ್ಟರಿಗೆ ಮಂಡಿ ತೋರಿಸಲು ಲೂಯಿಸ್‌ಗೆ ಹೊರಟಿದ್ದೆ. ಬ್ರೈಟನ್ ಕಡೆಯಿಂದ ಬಂದ ಬಸ್ಸು ಡೆಕ್ಲನ್ ಓಡಿಸುವುದು. ನನ್ನನ್ನು ಕಂಡು ಬಸ್ಸಿನ ಮೆಟ್ಟಿಲನ್ನು ಫುಟ್‌ಪಾತಿನ ಮಟ್ಟಕ್ಕೆ ಇಳಿಸಿದ. 'ನಿಧಾನ ಮಿಸೆಸ್ ಪೆಲ್ಲಿಂಗ್, ಅವಸರವಿಲ್ಲ, ಕೂತ ಮೇಲೇ ಹೊರಡ್ತೀನಿ' ಅಂದ. ಹಿಂದಿನ ಸೀಟಿನಲ್ಲಿದ್ದ ನಮ್ಮೂರಿನ ಪಡ್ಡೆ ಹುಡುಗರು ಮ್ಯಾ ಅಂತ ಕುರಿಯ ಹಾಗೆ ಕೂಗಿದರು. ನನ್ನನ್ನು ಕಂಡು ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಡೋರಿನ್ ನನ್ನ ಕೈ ತಟ್ಟಿ, 'ನಿನಗಲ್ಲ ಎನಿಡ್, ಅವನಿಗೆ. ದಿನಾ ಹಂಗೇ ಕೂಗ್ತಾರೆ. ಆಗ್ಬೇಕಾದ್ದೇ ಅವನಿಗೆ' ಅಂದಳು. ಅವನ ಕಿವಿ ಕೆಂಪಗಾಗುವುದು ನನ್ನ ಸೀಟಿಗೆ ಕಾಣುತ್ತಿತ್ತು. ಊರಿನಲ್ಲಿ ಯಾರ ಮಾತಿಗಾದರೂ ಎದುರುತ್ತರ ಕೊಡುವ ಎನಿಡ್ ಪೆಲ್ಲಿಂಗ್ ಲೂಯಿಸ್‌ವರೆಗೂ ಮಡಿಲಿನ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಇಳಿಯುವಾಗ ಮತ್ತೆ ಮೆಟ್ಟಿಲು ಇಳಿಸಿಕೊಟ್ಟ.

ಅದಕ್ಕೇ ಬರೆಯುತ್ತಿದ್ದೇನೆ, ಮಗಳೇ. ಬರುವ ಶುಕ್ರವಾರ ಮತ್ತೆ ಸಭೆ ಸೇರಿಸಿ ಅಂತ ಹೇಳಿಕಳಿಸಿದ್ದೇನೆ. ಯಾಕೆ ಅಂತ ಹೇಳಿಲ್ಲ. ಹೇಳಿದರೆ ಡೋರಿನ್ ಅದಕ್ಕೆ ಮೊದಲೇ ಊರೆಲ್ಲ ಹಂಚಿಬಿಡುತ್ತಾಳೆ. ಡೆಕ್ಲನ್ ನಿಂತಿದ್ದ ಜಾಗದಲ್ಲೇ ನಿಂತು ಹೇಳುತ್ತೇನೆ. ನಗುವವರು ನಗಲಿ. ಮುಳ್ಳುತಂತಿಯನ್ನು ನಿನ್ನೆಯೇ ಕಿತ್ತುಹಾಕಿದೆ. ಹಾದಿ ಇನ್ನು ಮುಂದೆ ನನ್ನ ನಾಲಿಗೆಯ ಮೇಲೆ ನಿಂತಿರಬಾರದು, ನಿನ್ನ ಗುಂಪಿಗೆ ಬರೆದುಕೊಡುವ ಕಾಗದ ಪತ್ರ ಮಾಡಿಸು, ಸಹಿ ನಾನು ಹಾಕುತ್ತೇನೆ ಅಂತ ನಿನ್ನಪ್ಪನಿಗೆ ಹೇಳಿದ್ದೇನೆ.

ನೀನು ಬಾ ಅಂತ ಕೇಳುವ ಮುಖ ನನಗಿಲ್ಲ. ನೀನು ಬಂದರೂ ಬಾರದಿದ್ದರೂ ನಾನು ಶುಕ್ರವಾರ ಹೇಳಿಯೇ ಹೇಳುತ್ತೇನೆ, ಅದನ್ನು ಇದಕ್ಕೆ ಗಂಟು ಹಾಕಬೇಡ. ಡೆಕ್ಲನ್‌ಗೆ ಮಾತ್ರ ಈ ಕಾಗದವನ್ನು ಅದಕ್ಕೆ ಮೊದಲೇ ಓದಿ ಹೇಳು. ಕ್ಷಮಿಸು ಅಂತ ನನ್ನ ಪರವಾಗಿ ನೀನು ಕೇಳಬೇಡ. ಅದನ್ನು ನಾನೇ ಕೇಳಬೇಕು.

ತಲೆ ತಗ್ಗಿಸಿ,
ನಿನ್ನ ಅಜ್ಜಿ,
ಎನಿಡ್ ಪೆಲ್ಲಿಂಗ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕೋಳಿಗೂಡಿನ ಹತ್ತಿರ ನೆನಪಾಯಿತು ಅಂತ ಮೇಲೆ ಬರೆದದ್ದು ಸುಳ್ಳು. ಆ ಮಂಗಳವಾರ ನಿನ್ನಪ್ಪ ಗುಡ್ಡದಿಂದ ಬಂದವನು ಬಾಗಿಲಲ್ಲೇ ನಿಂತು, 'ಅಮ್ಮಾ, ಸರಪಳಿ ಎರಡು ಸುತ್ತು ಸುತ್ತಿ ಕೊಂಡಿ ಕೆಳಗಿಂದ ಸಿಕ್ಕಿಸಿತ್ತು' ಅಂದ. ಹಾಗೆ ಹಾಕುವವಳು ಈ ಗುಡ್ಡದಲ್ಲಿ ನಾನೊಬ್ಬಳೇ. ಅವನು ನನ್ನ ಮುಖ ನೋಡಿದ. 'ಆ ಸೈಕಲ್ಲಿನವರದೇ ಕೆಲಸ' ಅಂದೆ. ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ. ಸಭೆಯಲ್ಲಿ ಜನರನ್ನು ನಗಿಸುವಾಗ ನನಗೆ ಎಲ್ಲ ಗೊತ್ತಿತ್ತು, ಬ್ರಯನಿ. ಡೆಕ್ಲನ್‌ಗೆ ಓದಿ ಹೇಳುವಾಗ ಇದನ್ನೇ ಮೊದಲು ಓದು.