ಎರಡನೆಯ ವನ್ಸ್‌ಮೋರ್

ರೋಣ, ೯ ಫೆಬ್ರುವರಿ ೨೦೦೯, ಸೋಮವಾರ

ಗಜೇಂದ್ರಗಡದ ನಾಟಕದಲ್ಲಿ ನಟಿ ಜಮಾಲಬಿ ಹಾಡು ಮರೆತಳೆಂದು ನಮ್ಮ ನಾಟಕ ಸಂಘದ ಅಧ್ಯಕ್ಷ, ಸಾಹುಕಾರ ಗುರುಸಂಗಪ್ಪನವರು ಊರೆಲ್ಲ ಹೇಳುತ್ತಿದ್ದಾರೆ. ತಪ್ಪು. ಪೂರ್ತಿ ಹಾಡಿದಳು. ಜನ ವನ್ಸ್‌ಮೋರ್ ಎಂದರು. ಮತ್ತೆ ಪೂರ್ತಿ ಹಾಡಿದಳು. ಮತ್ತೂ ಕೇಳಿದರು — ಆಗ ನಡುವೆ ನಿಂತು, ಹಣೆ ಬಡಿದುಕೊಂಡು, "ಮರತಬಿಟ್ಟೆ ನೋಡ್ರಿ" ಎಂದು ನಕ್ಕಳು. ಎರಡು ಸಲ ಹಾಡಿದ್ದನ್ನು ಮೂರನೆಯ ಸಲ ಮರೆಯುವುದುಂಟೆ? ಆ ಹಾಡಿನ ಉಚ್ಚಾರ ತಿದ್ದಿದವಳು ನಾನು, ಶಾಲೆಯಲ್ಲಿ ಕನ್ನಡ ಕಲಿಸಿದವಳು. ಒಂದು ಹಕಾರವೂ ಬಿಟ್ಟುಹೋಗಿರಲಿಲ್ಲ.

ಈಗ ನರಗುಂದದ ಪ್ರಯೋಗಕ್ಕೆ ಅವಳ ಪಾತ್ರ ಬೇರೆಯವರಿಗಂತೆ. ಗುರುಸಂಗಪ್ಪನವರಿಗೆ ಫೋನು ಮಾಡಿ ಕೇಳಿದೆ.

"ವಯಸ್ಸಾತ್ರಿ ಅಕ್ಕಾರ, ಆಕೀಗೆ ನೆನಪ ನಿಲ್ಲಂಗಿಲ್ಲ. ನಾ ಕಣ್ಣಾರೆ ನೋಡೀನಿ."

"ವಯಸ್ಸು ನಿಮಗೂ ಆಗಿದೆ. ಅಧ್ಯಕ್ಷರು ನೀವೇ ಇದ್ದೀರಿ" ಎಂದೆ.

೧೧ ಫೆಬ್ರುವರಿ

ಮದುವೆಗಳ ವಿಡಿಯೊ ತೆಗೆಯುವ ದಾದಾಪೀರ ಆ ನಾಟಕವನ್ನು ಹೊಸ ಎಚ್.ಡಿ. ಕ್ಯಾಮರಾದಲ್ಲಿ ತೆಗೆದಿದ್ದ. ಹಂಚಿದ ಸಿ.ಡಿ.ಯಲ್ಲಿ ಎಲ್ಲವೂ ಮಸುಕು. ಇಂದು ಕ್ಯಾಮರಾವನ್ನೇ ತಂದು ನನ್ನ ಹೊಸ ಟಿ.ವಿ.ಗೆ ಜೋಡಿಸಿದ. ಅಬ್ಬಾ... ಮೂಗುಬೊಟ್ಟಿನ ಹರಳು, ಕೆನ್ನೆಯ ಮೇಲೆ ಬಿರಿದ ಬಣ್ಣ. ರಂಗದ ಕೆಳಗಿನ ಕತ್ತಲಲ್ಲಿ ಅವಳ ಗಂಡ ಅಕ್ಬರಸಾಬರು, ಅವರು ಬಾರಿಸುವ ಕಾಲಪೇಟಿ — ಕಾಲಿಂದ ತುಳಿಯುವ ಆ ಹಾರ್ಮೋನಿಯಂನ ಒಂದೊಂದು ಕರಿ-ಬಿಳಿ ಮನೆಯೂ.

"ಅಕ್ಕಾರ, ಇಲ್ಲಿ ನೋಡ್ರಿ! ಸಾಹುಕಾರ್ರು ಮೊದಲನೇ ಸಾಲಿನ್ಯಾಗ ತಲಿ ವಾಲಿಸಿ ಮಲಗ್ಯಾರ! ಕಣ್ಣಾರೆ ನೋಡ್ಯಾರಂತ!"

ನಕ್ಕೆವು. ಆಮೇಲೆ ಎರಡನೆಯ ವನ್ಸ್‌ಮೋರ್. ಅಕ್ಬರಸಾಬರ ಬಲಗೈಯ ಬೆರಳುಗಳು ಮಡಚಿಕೊಂಡವು. ಬಿಚ್ಚಲಿಲ್ಲ. ನಟಿ ಮರೆತರೆ ಪೇಟಿ ಬಾರಿಸಿ ಮುಚ್ಚುವುದು ಕಂಪನಿ ನಾಟಕಗಳ ಪದ್ಧತಿ. ಇಲ್ಲಿ ಪೇಟಿಯೇ ನಿಂತಿತ್ತು. ಜಮಾಲಬಿ ಕೆಳಗೆ ನೋಡಿದಳು. ಆಮೇಲೆ "ಮರೆತಳು".

ನನ್ನ ಮಾತೇ ಸರಿ. ನಾಡಿದ್ದು ಬಂದು ನೋಡಿರೆಂದು ಗುರುಸಂಗಪ್ಪನವರಿಗೆ ತಿಳಿಸಿದೆ.

೧೨ ಫೆಬ್ರುವರಿ, ಸಂಜೆ

ದಾದಾಪೀರನಿಂದ ಸುದ್ದಿ ತಿಳಿದು ಜಮಾಲಬಿ ಬಂದಿದ್ದಳು. ಕುಳಿತುಕೊಳ್ಳಲಿಲ್ಲ.

"ತೋರಿಸಬ್ಯಾಡ್ರಿ ಅಕ್ಕಾರ. ನಾ ಮರತಿದ್ದ ಖರೇ ಇರ್ಲಿ."

"ಸುಳ್ಳು ಹೇಗೆ ಖರೇ ಆದೀತು?"

"ನನ್ನ ಪಾತ್ರ ಹೋದ್ರ ಮನ್ಯಾಗ ರೊಟ್ಟಿ ಬಡಕೊಂಡ ಇರ್ತೀನ್ರಿ. ಅವ್ರ ಕೈ ನಿಂತೈತಿ ಅಂತ ಗೊತ್ತಾದ್ರ ಅವ್ರನ್ನ ಪೇಟಿ ಮಾಸ್ತರ ಅಂತ ಯಾರ ಕರೀತಾರ? ನಾ ಖರೇನ ಮರತೆ ಅಂತ ಅವ್ರೂ ನಂಬ್ಯಾರ."

ಬರಬೇಡಿರೆಂದು ಹೇಳಲು ಗುರುಸಂಗಪ್ಪನವರಿಗೆ ಫೋನು ಮಾಡಿದೆ. ಎತ್ತಲಿಲ್ಲ.

೧೩ ಫೆಬ್ರುವರಿ

ಬಂದರು. ದಾರಿಯಲ್ಲಿ ಸಿಕ್ಕರೆಂದು ಅಕ್ಬರಸಾಬರನ್ನೂ ಕರೆತಂದಿದ್ದರು. ಹಿಂದೆಯೇ ಜಮಾಲಬಿ, ಓಡುತ್ತ.

ಮೊದಲನೆಯ ವನ್ಸ್‌ಮೋರ್ ಮುಗಿದೊಡನೆ ದಾದಾಪೀರನಿಗೆ ಹೇಳಿ ನಿಲ್ಲಿಸಿದೆ. ಇಷ್ಟು ಸಾಕು ಎಂದೆ.

"ಯಾಕ್ರಿ ಅಕ್ಕಾರ, ಅಂಜಿದ್ರೇನು?" — ಗುರುಸಂಗಪ್ಪನವರು.

"ಮುಂದ ಹಚ್ಚಪಾ ದಾದಾಪೀರ" ಎಂದರು ಅಕ್ಬರಸಾಬರು.

ಹಚ್ಚಿದ. ಎಲ್ಲರೂ ನೋಡಿದೆವು. ಜಮಾಲಬಿ ಮಾತ್ರ ಟಿ.ವಿ. ನೋಡಲಿಲ್ಲ, ಗಂಡನ ಮುಖ ನೋಡುತ್ತಿದ್ದಳು. ಅವರು ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿದ್ದರು.

"ಹುಚ್ಚಿ" ಎಂದರು ಅವಳಿಗೆ, ಮೆಲ್ಲಗೆ. ಆಮೇಲೆ, "ಆಕೀ ಮರತಿಲ್ರಿ ಸಾಹುಕಾರ. ನನ್ನ ಕೈ ನಿಂತಿತ್ತು. ಪಾತ್ರ ಆಕೀಗೇ ಕೊಡ್ರಿ."

ಗುರುಸಂಗಪ್ಪನವರು ಹೂಂ ಎಂದರು. ತಮ್ಮ ನಿದ್ರೆಯನ್ನೂ ನೋಡಿದ್ದರು. ನರಗುಂದದಲ್ಲಿ ಪೇಟಿ ಯಾರು ಬಾರಿಸುವರೆಂದು ಒಬ್ಬರೂ ಕೇಳಲಿಲ್ಲ. ನಾನೂ.

ಮುಂದೆ ಯಾರೂ ಬೇರೆ ರೀತಿ ಹೇಳಬಾರದೆಂದು ಬರೆದಿಡುತ್ತೇನೆ. ಹಾಜರಿದ್ದವರು: ಅಧ್ಯಕ್ಷ ಗುರುಸಂಗಪ್ಪ, ವಿಡಿಯೊದ ದಾದಾಪೀರ, ನಟಿ ಜಮಾಲಬಿ, ಪೇಟಿ ಮಾಸ್ತರ ಅಕ್ಬರಸಾಬ, ಮತ್ತು ನಾನು. ಪೇಟಿ ಮಾಸ್ತರ ಎಂದೇ ಬರೆದಿದ್ದೇನೆ.